ದೀಪಾವಳಿ ಸೀಸನ್‌ಗೆ ಕೊರಿಯರ್ ಅಂಗಡಿ ರೆಡಿ ಮಾಡ್ಕೊಳ್ಳೋದು ಹೇಗೆ

ಶಿವಮೊಗ್ಗದಂಥ ಊರಲ್ಲಿ ಕೊರಿಯರ್ ಬುಕಿಂಗ್ ಕೌಂಟರ್ ಇಟ್ಕೊಂಡು ಕೂತಿರೋ ನಮ್ಮಂಥವರಿಗೆ ವರ್ಷ ಶುರುವಾಗೋದೇ ಶ್ರಾವಣದಲ್ಲಿ. ವರಮಹಾಲಕ್ಷ್ಮಿಗೆ ಸೀರೆ, ಅದರ ಹಿಂದೇನೇ ರಾಖಿ ಕವರ್‌ಗಳು, ಆಮೇಲೆ ಗೌರಿ ಹಬ್ಬಕ್ಕೆ ತವರಿಂದ ಮಗಳಿಗೆ ಬಾಗಿನದ ಸಾಮಾನು, ನಡುವೆ ಪಿತೃಪಕ್ಷದಲ್ಲಿ ಒಂದಷ್ಟು ದಿನ ಉಸಿರು ಬಿಡೋಕೆ ಟೈಮು, ಅಲ್ಲಿಂದ ನವರಾತ್ರಿ ಹತ್ತಿದ್ರೆ ದೀಪಾವಳಿ ಮುಗಿಯೋ ತನಕ ಊಟಕ್ಕೆ ಕೂತ್ಕೊಳ್ಳೋಕೂ ಆಗಲ್ಲ. ಇದೇ ಟೈಮಿಗೆ ಫ್ಲಿಪ್‌ಕಾರ್ಟ್, ಅಮೆಜಾನ್ ದೊಡ್ಡ ಸೇಲ್‌ಗಳೂ ಬಂದು ಬೀಳೋದ್ರಿಂದ ಬೆಂಗಳೂರಿನ ಹಬ್‌ಗಳೆಲ್ಲ, ಅಂದ್ರೆ ಪಾರ್ಸೆಲ್ ಒಟ್ಟು ಮಾಡಿ ಊರುವಾರು ವಿಂಗಡಿಸೋ ಕೇಂದ್ರಗಳೆಲ್ಲ, ತುಂಬಿ ತುಳುಕ್ತಿರುತ್ತವೆ. ಸೀಸನ್ ಅಂದ್ರೆ ಎಕ್ಸ್‌ಟ್ರಾ ಹುಡುಗರು ಬೇಕು, ಎಕ್ಸ್‌ಟ್ರಾ ಗಾಡಿ ಬೇಕು ಅಂತ ಎಲ್ರೂ ಹೇಳ್ತಾರೆ, ನಿಜ ಬೇಕು. ಆದ್ರೆ ಇಷ್ಟು ವರ್ಷ ಕೌಂಟರ್‌ನಲ್ಲಿ ಕೂತು ನಾನು ಕಂಡಿರೋದು ಏನಂದ್ರೆ ಹಬ್ಬದ ಟೈಮಲ್ಲಿ ಎಲ್ಲೋ ಸಿಕ್ಕಿಹಾಕ್ಕೊಂಡ ಪಾರ್ಸೆಲ್‌ಗಳಲ್ಲಿ ಹೆಚ್ಚಿನವು ನಮ್ಮ ಟೇಬಲ್ ಮೇಲೇ ಕೆಟ್ಟಿರುತ್ತವೆ, ಅಡ್ರೆಸ್ ಅರ್ಧ, ಫೋನ್ ನಂಬರ್ ಒಂದೇ ಒಂದು, ಒಳಗೇನಿದೆ ಅಂತ ಕೇಳಿರಲ್ಲ, ಬಾಕ್ಸ್ ಮೆತ್ತಗಾಗಿರುತ್ತೆ. ಹಾಗಾಗಿ ತಯಾರಿ ಕೌಂಟರ್‌ನಿಂದಲೇ ಶುರುವಾಗ್ಬೇಕು.

ಮೊದಲು ಕ್ಯಾಲೆಂಡರ್. ಹೋದ ವರ್ಷದ ಅಕ್ಟೋಬರ್ ಬುಕಿಂಗ್ ಲೆಕ್ಕ ತೆಗೆದು ಈ ವರ್ಷದ ಅಕ್ಟೋಬರ್ ಜೊತೆ ಹೋಲಿಸೋ ತಪ್ಪು ಮಾತ್ರ ಮಾಡಬೇಡಿ. ನಮ್ಮ ಹಬ್ಬಗಳು ತಾರೀಕು ನೋಡ್ಕೊಂಡು ಬರಲ್ಲ, ತಿಥಿ ನೋಡ್ಕೊಂಡು ಬರುತ್ತವೆ. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ಕ್ಕಿತ್ತು, 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬಂದಿರೋದ್ರಿಂದ ಅದು ನವೆಂಬರ್ 8ಕ್ಕೆ ಹೋಗಿದೆ, ಅಂದ್ರೆ 19 ದಿನದ ವ್ಯತ್ಯಾಸ. ತಾರೀಕು ನೋಡ್ಕೊಂಡು ಹುಡುಗರನ್ನ ಕರೆಸಿದ್ರೆ ಅಕ್ಟೋಬರ್ ಮಧ್ಯದಲ್ಲಿ ಸುಮ್ನೆ ಕೂರಿಸಿ ಸಂಬಳ ಕೊಟ್ಟು, ನಿಜವಾದ ರಶ್ ಬಂದಾಗ ಕೈಲಿ ಜನ ಇಲ್ಲದ ಹಾಗಾಗುತ್ತೆ. ಹಳೇ ರಿಜಿಸ್ಟರ್ ತೆಗೆದು "ದೀಪಾವಳಿಗೆ 15 ದಿನ ಮುಂಚೆ, 10 ದಿನ ಮುಂಚೆ, 5 ದಿನ ಮುಂಚೆ" ಅಂತ ಹಿಂದಕ್ಕೆ ಎಣಿಸಿ ಬರೀರಿ, ಅವಾಗ ಚಿತ್ರ ಸರಿಯಾಗಿ ಕಾಣುತ್ತೆ. ಫಾರಿನ್ ಪಾರ್ಸೆಲ್ ಮೊದಲು ಬರುತ್ತೆ, ಅದು ಮುಗೀತಿದ್ದ ಹಾಗೆ ಡೆಲ್ಲಿ, ಮುಂಬೈ, ಪುಣೆ ಕಡೆದು, ಕೊನೇ ನಾಲ್ಕೈದು ದಿನ ಬರೀ ಬೆಂಗಳೂರು ಮೈಸೂರು ಮಂಗಳೂರು. ಈ ಮೂರು ಅಲೆ ಬೇರೆ ಬೇರೆ ಅಂತ ಅರ್ಥ ಆದ್ರೆ ಯಾವಾಗ ಯಾವ ಪಾರ್ಟ್‌ನರ್ (ನಾವು ಬುಕ್ ಮಾಡಿದ್ದನ್ನ ಸಾಗಿಸೋ ಕೊರಿಯರ್ ಕಂಪನಿ) ಜೊತೆ ಮಾತಾಡ್ಬೇಕು ಅನ್ನೋದೂ ಗೊತ್ತಾಗುತ್ತೆ.

ಆಮೇಲೆ ಕೌಂಟರ್ ಟೈಮ್ ಲೆಕ್ಕ ಹಾಕಿ. ಇದನ್ನ ಯಾರೂ ಮಾಡಲ್ಲ, ಮಾಡಿದ್ರೆ ಅರ್ಧ ತಲೆನೋವು ಹೋಗುತ್ತೆ. ಉದಾಹರಣೆಗೆ ಮಾಮೂಲಿ ದಿನ 60 ಪಾರ್ಸೆಲ್ ಬರೋ ಅಂಗಡಿಗೆ ಹಬ್ಬದಲ್ಲಿ 180 ಬಂತು ಅಂದ್ಕೊಳ್ಳಿ. ಒಂದೊಂದು ಬುಕಿಂಗ್‌ಗೆ 4 ನಿಮಿಷ ಅಂದ್ರೂ 720 ನಿಮಿಷ, ಅಂದ್ರೆ 12 ಗಂಟೆ, ಒಂದು ಕಂಪ್ಯೂಟರ್ ಒಬ್ಬ ಮನುಷ್ಯ ಇಟ್ಕೊಂಡು ಸಂಜೆ ಹಬ್‌ಗೆ ಪಾರ್ಸೆಲ್ ಒಯ್ಯೋ ಲೈನ್ ಗಾಡಿ ಬರೋ ಮುಂಚೆ ಮುಗಿಸೋಕೆ ಸಾಧ್ಯನೇ ಇಲ್ಲ. ಅದೇ ಕಸ್ಟಮರ್ ಕ್ಯೂನಲ್ಲಿ ನಿಂತಿರುವಾಗ್ಲೇ ಒಂದು ಚಿಕ್ಕ ಫಾರಂ ಕೈಗೆ ಕೊಟ್ಟು ಬರೆಸಿದ್ರೆ, ಇಲ್ಲಾ ಮನೆಯಿಂದಲೇ ವಾಟ್ಸಾಪ್‌ನಲ್ಲಿ ಅಡ್ರೆಸ್ ಹಾಕಿ ಅಂತ ಹೇಳಿದ್ರೆ, ಅದು 2 ನಿಮಿಷಕ್ಕೆ ಇಳಿಯುತ್ತೆ, 6 ಗಂಟೆ ಉಳೀತು. ಎರಡನೇ ಕಂಪ್ಯೂಟರ್ ಬಾಡಿಗೆಗೆ ತರೋ ಮುಂಚೆ ಈ ಫಾರಂ ಪ್ರಿಂಟ್ ಹಾಕಿಸಿ, ಕನ್ನಡದಲ್ಲೇ ಹಾಕಿಸಿ, ಅಜ್ಜಿಯರೂ ತುಂಬೋ ಥರ ಅಕ್ಷರ ದಪ್ಪ ಇರ್ಲಿ.

ಫಾರಂನಲ್ಲಿ ಏನಿರ್ಬೇಕು ಅನ್ನೋದು ಮುಖ್ಯ. ಕಳಿಸೋರ ಹೆಸರು ಫೋನು, ತಲುಪೋರ ಹೆಸರು, ಎರಡು ಫೋನ್ ನಂಬರ್, ಆರಂಕಿ ಪಿನ್‌ಕೋಡ್, ಒಳಗಿರೋ ಸಾಮಾನಿನ ಪಟ್ಟಿ, ಬೆಲೆ. ಇದ್ರ ಜೊತೆ ಇನ್ನೊಂದು ಪ್ರಶ್ನೆ ಕಡ್ಡಾಯವಾಗಿ ಸೇರಿಸಿ: "ಹಬ್ಬದ ದಿನ ಅವರು ಆ ಊರಲ್ಲೇ ಇರ್ತಾರಾ?" ಬೆಂಗಳೂರಿಗೆ ಕಳಿಸೋ ಪಾರ್ಸೆಲ್‌ಗೆ ಇದು ಜೀವಾಳ. ಅಮ್ಮ ಮಗನಿಗೆ ಅಂತ ಚಕ್ಕುಲಿ ಕೋಡುಬಳೆ ಕಟ್ಟಿ ಕಳಿಸ್ತಾರೆ, ಮಗ ಅಷ್ಟೊತ್ತಿಗೆ ಹೆಂಡತಿ ಊರಿಗೆ ಹೊರಟಿರ್ತಾನೆ, ಅಪಾರ್ಟ್‌ಮೆಂಟ್ ಬಾಗಿಲಿಗೆ ಬೀಗ, ಡೆಲಿವರಿ ಹುಡುಗ ಎರಡು ಮೂರು ಸಲ ಹೋಗಿ ವಾಪಸ್ ಬರ್ತಾನೆ, ಆಮೇಲೆ ಅದು ಆರ್‌ಟಿಒ (ರಿಟರ್ನ್ ಟು ಒರಿಜಿನ್) ಆಗಿ ನಮ್ಮ ಅಂಗಡಿಗೇ ತಿರುಗಿ ಬರುತ್ತೆ, ಅಷ್ಟರಲ್ಲಿ ತಿಂಡಿಗೆ ಎಣ್ಣೆ ಕಮಟು ವಾಸನೆ. ಒಂದು ಪ್ರಶ್ನೆ ಕೇಳಿದ್ರೆ ತಪ್ಪುತ್ತಿತ್ತು. ಸೆಕ್ಯೂರಿಟಿ ಹತ್ರ ಬಿಡಬಹುದಾ, ಪಕ್ಕದ ಮನೆಯವರ ನಂಬರ್ ಏನು, ಅದನ್ನೂ ಆಗ್ಲೇ ಬರೆಸ್ಕೊಳ್ಳಿ.

ಮಲೆನಾಡಿನ ಅಡ್ರೆಸ್ಸುಗಳದ್ದು ಬೇರೆಯದೇ ಕಥೆ. ಬುಕಿಂಗ್ ಮಾಡ್ದಷ್ಟೇ ಡೆಲಿವರಿನೂ ನಮ್ಮದೇ ಆಗಿದ್ರೆ ಇದನ್ನ ಗಮನಿಸ್ಲೇಬೇಕು. ಇಲ್ಲಿ ಮನೆಗಳು ಒಂಟಿ ಒಂಟಿ, ಒಂದೇ ಹೆಸರಿನ ಊರು ಎರಡು ತಾಲೂಕಲ್ಲಿ ಇರುತ್ತೆ, ಕೆಲವರು ಇರೋದು ಹಳ್ಳಿಯಲ್ಲಿ, ಬರೆಯೋದು 577201 ಅಂತ ಶಿವಮೊಗ್ಗದ ಪಿನ್‌ಕೋಡು. ಸಾಗರ 577401, ತೀರ್ಥಹಳ್ಳಿ 577432, ಅಂದ್ರೆ ಪಿನ್ ತಪ್ಪಿದ್ರೆ ಪಾರ್ಸೆಲ್ ಬೇರೆ ದಾರೀನೇ ಹಿಡಿಯುತ್ತೆ, ಸರಿ ಮಾಡಿ ಮತ್ತೆ ತಿರುಗಿಸೋಕೆ ಹಬ್ಬದ ಟೈಮಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅಂಚೆ ಯಾವ್ದು, ಹೋಬಳಿ ಯಾವ್ದು, ಬಸ್ ಎಲ್ಲಿ ನಿಲ್ಲುತ್ತೆ, ಹತ್ತಿರದ ಸೊಸೈಟಿ ಅಥವಾ ಅಂಗಡಿ ಯಾವ್ದು ಅಂತ ಕೇಳಿ. ನಿಮ್ಮ ಪಾರ್ಟ್‌ನರ್ ಕಂಪನಿ ಆ ಊರಿಗೆ ಹೋಗಲ್ಲ ಅಂದ್ರೆ ಸುಮ್ನೆ ಬುಕ್ ಮಾಡ್ಕೊಂಡು ತಾಲೂಕಿನ ಕೊರಿಯರ್ ಆಫೀಸಲ್ಲಿ ಕೊಳೆಸೋದಕ್ಕಿಂತ ಕಸ್ಟಮರ್‌ಗೆ ನೇರವಾಗಿ ಸ್ಪೀಡ್ ಪೋಸ್ಟ್ ಮಾಡಿ ಅಂತ ಹೇಳಿ ಕಳಿಸಿ, ಕಾಡಿನ ನಡುವಿನ ಮನೆಗೂ ಅಂಚೆಯಣ್ಣ ಹೋಗ್ತಾರೆ. ಒಂದು ಬುಕಿಂಗ್ ಹೋಯ್ತು ಅಂತ ಬೇಜಾರಾಗ್ಬೇಡಿ, ಆ ಕಸ್ಟಮರ್ ಮುಂದಿನ ವರ್ಷವೂ ನಿಮ್ಮ ಹತ್ರಾನೇ ಕೇಳ್ಕೊಂಡು ಬರ್ತಾರೆ.

ಒಳಗೇನಿದೆ ಅಂತ ಕೇಳೋದು

ಇದನ್ನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನಾನು ಇದರಲ್ಲಿ ಪೆಟ್ಟು ತಿಂದಿದೀನಿ. ಒಂದು ವರ್ಷ ಒಬ್ರು ಅಜ್ಜಿ ಡೆಲ್ಲಿಯಲ್ಲಿರೋ ಮಗಳಿಗೆ ಅಂತ ಪೂಜೆ ಸಾಮಾನಿನ ಬಾಕ್ಸ್ ತಂದ್ರು, ಅರಿಶಿನ ಕುಂಕುಮ, ರವಿಕೆ ಕಣ, ಹತ್ತಿ ಬತ್ತಿ, ಎಲ್ಲ ಸರಿ, ನಾನು ಮೇಲಿಂದ ನೋಡಿ ಟೇಪ್ ಹಾಕ್ಬಿಟ್ಟೆ. ತಳದಲ್ಲಿ ಕರ್ಪೂರದ ಡಬ್ಬಿ ಇತ್ತು. ಕರ್ಪೂರ ಬೇಗ ಹೊತ್ಕೊಳ್ಳೋ ವಸ್ತು, ವಿಮಾನದ ಲೆಕ್ಕದಲ್ಲಿ ಅಪಾಯಕಾರಿ ಸರಕು, ಏರ್‌ಪೋರ್ಟ್ ಸ್ಕ್ರೀನಿಂಗ್‌ನಲ್ಲಿ ಹಿಡಿದು ಪೂರ್ತಿ ಬಾಕ್ಸನ್ನೇ ತಡೆದ್ರು. ಅದು ವಾಪಸ್ ಬರೋ ಹೊತ್ತಿಗೆ ಬಲಿಪಾಡ್ಯಮಿ ಕಳೆದಿತ್ತು, ಅಜ್ಜಿ ನನ್ನ ಬಯ್ಯಲಿಲ್ಲ, "ಹೋಗ್ಲಿ ಬಿಡಪ್ಪ" ಅಂದ್ರು, ಅದೇ ಇನ್ನೂ ಜಾಸ್ತಿ ನೋವಾಯ್ತು. ಅವತ್ತಿಂದ ಬಾಕ್ಸ್ ಪೂರ್ತಿ ಬಿಚ್ಚಿ ನೋಡ್ದೇ ಟೇಪ್ ಹಾಕಲ್ಲ.

ಕರ್ಪೂರದ ಹಾಗೇನೇ ಒಣ ಕೊಬ್ಬರಿ. ನಮ್ಮ ಕಡೆ ಯಾವ ಶುಭಕಾರ್ಯದ ಸಾಮಾನು ಕೊಬ್ಬರಿ ಇಲ್ಲದೆ ಹೋಗುತ್ತೆ ಹೇಳಿ, ಆದ್ರೆ ಕೊಬ್ಬರಿಯಲ್ಲಿ ಎಣ್ಣೆ ಅಂಶ ಇರೋದ್ರಿಂದ ತಾನಾಗೇ ಬಿಸಿಯೇರಿ ಹೊತ್ಕೊಳ್ಳೋ ವಸ್ತುಗಳ ಸಾಲಿಗೆ ಅದನ್ನ ಸೇರಿಸಿದ್ದಾರೆ, ವಿಮಾನಕ್ಕೆ ಹಾಕೋ ಹಾಗಿಲ್ಲ. ಪವರ್ ಬ್ಯಾಂಕ್, ಸೆಂಟು, ಬಾಡಿ ಸ್ಪ್ರೇ, ನೇಲ್ ಪಾಲಿಶ್, ಲೈಟರ್ ಇವೂ ಅಷ್ಟೇ. ಪಟಾಕಿ ಅಂತೂ ರಸ್ತೆ ಮೂಲಕವೂ ಬೇಡವೇ ಬೇಡ, ಒಂದು ಸುರ್‌ಸುರ್ ಬತ್ತಿ ಪ್ಯಾಕೆಟ್ ಆದ್ರೂ ಸರಿ. ಮಕ್ಕಳಿಗೆ ಅಂತ ಸ್ವೀಟ್ ಬಾಕ್ಸ್ ಕೆಳಗೆ ಇಟ್ಟು ತರೋರು ಇದ್ದಾರೆ, ಅವರಿಗೆ ಕೋಪ ಮಾಡ್ಕೊಳ್ದೆ ಹೇಳಿ, ಆ ಗಾಡಿಯಲ್ಲಿ ಡ್ರೈವರ್ ಮಲಗಿರ್ತಾನೆ, ನಿಮ್ಮ ಮಗನ ವಯಸ್ಸಿನವನೇ ಅಂತ. ಬೇಡದ ಸಾಮಾನಿನ ಚಿತ್ರಗಳನ್ನ ದೊಡ್ಡದಾಗಿ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ, ಬರಹಕ್ಕಿಂತ ಚಿತ್ರ ಬೇಗ ಕೆಲಸ ಮಾಡುತ್ತೆ.

ಫಾರಿನ್ ಪಾರ್ಸೆಲ್ ತಗೊಳ್ಳೋರು ಇನ್ನೂ ಮುಂಚೆ ಎದ್ದೇಳ್ಬೇಕು. ಅಮೆರಿಕಕ್ಕೆ 800 ಡಾಲರ್ ಒಳಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತುಹೋಯ್ತು, ಅದರ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆಯೂ ಅಮೆರಿಕದ ಪಾರ್ಸೆಲ್ ಸೇವೆ ನಿಲ್ಲಿಸಿ ಅಕ್ಟೋಬರ್ 15ಕ್ಕೆ ಮತ್ತೆ ಶುರು ಮಾಡ್ತು, ಅಂದ್ರೆ ದೀಪಾವಳಿಗೆ ಬರೀ ಐದು ದಿನ ಇರುವಾಗ. ನಿಯಮ ಹಬ್ಬದ ಮುಂಚೇನೇ ಬದಲಾಗ್ಬಹುದು ಅಂತ ಆ ವರ್ಷ ಎಲ್ರಿಗೂ ಗೊತ್ತಾಯ್ತು. ಹಾಗಾಗಿ ಗೌರಿ ಹಬ್ಬ ಮುಗಿದ ತಕ್ಷಣ ನಿಮ್ಮ ಇಂಟರ್‌ನ್ಯಾಷನಲ್ ಪಾರ್ಟ್‌ನರ್‌ಗೆ ಮೇಲ್ ಹಾಕಿ, ಯಾವ ದೇಶಕ್ಕೆ ಏನು ಹೋಗುತ್ತೆ, ಡ್ಯೂಟಿ ಯಾರು ಕಟ್ಬೇಕು, ಯಾವ ಗುರುತಿನ ಚೀಟಿ ಬೇಕು, ಕೊನೇ ಬುಕಿಂಗ್ ದಿನ ಯಾವ್ದು, ಎಲ್ಲ ಬರವಣಿಗೆಯಲ್ಲಿ ತರಿಸ್ಕೊಳ್ಳಿ. ಆಸ್ಟ್ರೇಲಿಯಾದವರು ಬೀಜ, ಹಸಿ ಹಣ್ಣು ತರಕಾರಿ ವಿಷಯದಲ್ಲಿ ಬಹಳ ಬಿಗಿ. ತುಪ್ಪ ಹಾಲಿನ ಸ್ವೀಟ್‌ಗಳ ಬಗ್ಗೆ ಪ್ರತಿ ದೇಶಕ್ಕೂ ಪ್ರತ್ಯೇಕವಾಗಿ ಕೇಳಿ. ಮಿಡಿ ಉಪ್ಪಿನಕಾಯಿ ಕಳಿಸ್ದೇ ಇರೋಕೆ ನಮ್ಮೂರವರಿಗೆ ಆಗಲ್ಲ, ಸರಿ, ಆದ್ರೆ ಮನೆ ಬಾಟಲಿ ಮುಚ್ಚಳ ನಂಬಬೇಡಿ, ಶಾಖದಲ್ಲಿ ಸೀಲ್ ಮಾಡಿದ ದಪ್ಪ ಪೌಚ್‌ಗೆ ಹಾಕಿಸಿ, ಅದನ್ನ ಇನ್ನೊಂದು ಪೌಚ್ ಒಳಗೆ ಹಾಕಿ, ಆಮೇಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ಒಂದು ಉಪ್ಪಿನಕಾಯಿ ಸೋರಿದ್ರೆ ಮೂಟೆಯಲ್ಲಿರೋ ಬೇರೆಯವರ ಸೀರೆಗಳೂ ಹಾಳು.

ತೂಕ, ಬಾಕ್ಸು, ಟೇಪು

ಕಸ್ಟಮರ್ ಜೊತೆ ಅತಿ ಹೆಚ್ಚು ಜಗಳ ಆಗೋದು ವಾಲ್ಯೂಮ್ ತೂಕದ ಮೇಲೆ. ಉದ್ದ ಅಗಲ ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ, ನಿಜವಾದ ತೂಕಕ್ಕೂ ಇದಕ್ಕೂ ಯಾವ್ದು ಜಾಸ್ತಿನೋ ಅದಕ್ಕೆ ದುಡ್ಡು. 45, 35, 30ರ ಬಾಕ್ಸ್‌ನಲ್ಲಿ 5 ಕೆಜಿ ಹಪ್ಪಳ ಸಂಡಿಗೆ ಹಾಕಿದ್ರೆ ಬಿಲ್ಲು 9.45 ಕೆಜಿಗೆ ಬರುತ್ತೆ. ಅದೇ ಸಾಮಾನು 40, 30, 25ರ ಬಾಕ್ಸ್‌ಗೆ ಹಿಡಿಸಿದ್ರೆ 6 ಕೆಜಿ. ಕಸ್ಟಮರ್‌ಗೆ ಮೂರೂವರೆ ಕೆಜಿ ದುಡ್ಡು ಉಳೀತು, ನಿಮ್ಮ ಗಾಡಿಯಲ್ಲೂ ಜಾಗ ಉಳೀತು. ಇದನ್ನ ಕೌಂಟರ್ ಮೇಲೆ ಟೇಪ್ ಇಟ್ಟು ಅಳೆದು ಅವರ ಕಣ್ಣೆದುರಿಗೇ ತೋರಿಸಿ, ಬುಕ್ ಆದ್ಮೇಲೆ ಹಬ್‌ನಿಂದ ತೂಕ ಜಾಸ್ತಿ ಅಂತ ಬಂದ್ರೆ ಆ ವ್ಯತ್ಯಾಸ ನಿಮ್ಮ ಜೇಬಿಂದಲೇ ಹೋಗೋದು. ತೂಕದ ಮಷೀನಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಂದು ಸಲ ಹಾಕಿಸ್ಬೇಕು, ಅದರ ಅವಧಿ ಸೀಸನ್ ಮಧ್ಯದಲ್ಲಿ ಮುಗಿಯುತ್ತಾ ಅಂತ ಈಗ್ಲೇ ನೋಡ್ಕೊಳ್ಳಿ.

ಬಾಕ್ಸ್ ವಿಷಯದಲ್ಲಿ ಮಳೆಗಾಲ ಮರೀಬೇಡಿ. ಶ್ರಾವಣ ಭಾದ್ರಪದದಲ್ಲಿ ನಮ್ಮ ಕಡೆ ಗಾಳಿಯೇ ಒದ್ದೆ, ಗೋಡೆಗೆ ಒರಗಿಸಿಟ್ಟ ರಟ್ಟು ಒಂದೇ ವಾರದಲ್ಲಿ ಮೆತ್ತಗಾಗುತ್ತೆ, ಹೊರಗಿಂದ ಚೆನ್ನಾಗೇ ಕಾಣುತ್ತೆ, ಮೇಲೆ ನಾಲ್ಕು ಪಾರ್ಸೆಲ್ ಬಿದ್ದಾಗ ಕುಸಿಯುತ್ತೆ. ಆದ್ದರಿಂದ ಸ್ಟಾಕ್ ಮುಂಚೆ ತಂದಿಡಿ, ಆದ್ರೆ ಮರದ ಹಲಗೆ ಮೇಲೆ ಗೋಡೆಯಿಂದ ಒಂದಡಿ ದೂರ ಇಡಿ, ಮೇಲೆ ಟಾರ್ಪಾಲ್. 3 ಪದರದ ಬಾಕ್ಸ್ ಬಟ್ಟೆಗೆ ಸಾಕು, ತಿಂಡಿ ಪಾತ್ರೆ ಅಂದ್ರೆ 5 ಪದರ, ಫಾರಿನ್‌ಗೆ 7 ಪದರ ಹಾಕೋರೂ ಇದ್ದಾರೆ. ಮೂರ್ನಾಲ್ಕು ಸೈಜ್ ಮಾತ್ರ ಇಟ್ಕೊಳ್ಳಿ, ಹತ್ತು ಸೈಜ್ ಇಟ್ರೆ ರಶ್‌ನಲ್ಲಿ ಹುಡುಕೋದೇ ಕೆಲಸ.

ಟೇಪು ಎಷ್ಟು ಬೇಕು ಅಂತ ಅಂದಾಜಲ್ಲಿ ತರ್ತೀವಲ್ಲ, ಲೆಕ್ಕ ಹಾಕಿ ನೋಡಿ. 40, 30, 25ರ ಬಾಕ್ಸ್‌ಗೆ ಮೇಲೂ ಕೆಳಗೂ ನಡುಗೆರೆಗೆ ಒಂದು, ಎರಡು ಅಂಚಿಗೆ ಒಂದೊಂದು ಪಟ್ಟಿ ಹಾಕಿದ್ರೆ ಸುಮಾರು ಪೌಣೆ ಮೂರು ಮೀಟರ್ ಹೋಗುತ್ತೆ. 65 ಮೀಟರ್ ರೋಲ್‌ನಲ್ಲಿ ಪೇಪರ್ ಮೇಲೆ 23 ಬಾಕ್ಸ್, ವೇಸ್ಟ್ ಕಳೆದು 20 ಅಂದ್ಕೊಳ್ಳಿ. ದಿನಕ್ಕೆ 100 ಬಾಕ್ಸ್ ಕಟ್ಟಿದ್ರೆ 5 ರೋಲ್, 20 ದಿನಕ್ಕೆ 100 ರೋಲ್. ಹಬ್ಬದ ವಾರದಲ್ಲಿ ತರೋಕೆ ಹೋದ್ರೆ ಹೋಲ್‌ಸೇಲ್ ಅಂಗಡಿಯವನೂ ಖಾಲಿ ಅಂತಾನೆ. ಲೇಬಲ್ ರೋಲ್, ಮಾರ್ಕರ್ ಪೆನ್ನು, ಬಬಲ್ ಶೀಟು ಇದನ್ನೂ ಹೀಗೇ ಲೆಕ್ಕ ಹಾಕಿ.

ಪ್ರಿಂಟರ್ ಇನ್ನೊಂದು ಇರ್ಲಿ, ಹಳೇದಾದ್ರೂ ಪರವಾಗಿಲ್ಲ. ಯುಪಿಎಸ್ ಬ್ಯಾಟರಿ ಪಿತೃಪಕ್ಷದಲ್ಲೇ ಚೆಕ್ ಮಾಡಿಸಿ. ನೆಟ್ ಹೋದ್ರೆ ಬೇರೆ ಕಂಪನಿ ಸಿಮ್‌ನ ಹಾಟ್‌ಸ್ಪಾಟ್, ಅದೂ ಹೋದ್ರೆ ಕೈಯಲ್ಲಿ ಬರೆಯೋ ಡಾಕೆಟ್ (ಬುಕಿಂಗ್ ರಸೀದಿ) ಬುಕ್ಕು. ಪ್ರೀಪೇಯ್ಡ್ ವಾಲೆಟ್‌ನಲ್ಲಿ ಬುಕ್ ಮಾಡೋರು ಬ್ಯಾಂಕ್ ರಜಾ ದಿನಗಳನ್ನ ನೋಡ್ಕೊಂಡು ಬ್ಯಾಲೆನ್ಸ್ ತುಂಬಿಸಿಡಿ, ಸಂಜೆ ಏಳಕ್ಕೆ ಬ್ಯಾಲೆನ್ಸ್ ಮುಗಿದು ನಿಂತ್ರೆ ಕ್ಯೂನಲ್ಲಿರೋರಿಗೆ ಏನು ಹೇಳ್ತೀರಿ. 50,000 ರೂಪಾಯಿ ಮೀರಿದ ವ್ಯಾಪಾರದ ಮಾಲಿಗೆ ಇ-ವೇ ಬಿಲ್ (ಸರಕು ಸಾಗಿಸೋಕೆ ಬೇಕಾದ ಜಿಎಸ್‌ಟಿ ದಾಖಲೆ) ಇಲ್ಲದೆ ಮುಟ್ಟಬೇಡಿ, ದಾರೀಲಿ ಚೆಕಿಂಗ್ ಆದ್ರೆ ಒಂದು ಪಾರ್ಸೆಲ್‌ಗೋಸ್ಕರ ಇಡೀ ಗಾಡಿ ನಿಲ್ಲುತ್ತೆ.

ಲೈನ್ ಗಾಡಿ ವಿಷಯ. ಶಿವಮೊಗ್ಗದಿಂದ ಬೆಂಗಳೂರು 300 ಕಿಲೋಮೀಟರ್ ಹತ್ತತ್ರ, ರಾತ್ರಿ ಹೊರಟ್ರೆ ಬೆಳಗ್ಗೆ ಹಬ್‌ಗೆ ಸೇರುತ್ತೆ, ಇಲ್ಲೇ ಗಾಡಿ ತಪ್ಪಿದ್ರೆ ಪೂರ್ತಿ ಒಂದು ದಿನ ಹೋಯ್ತು. ಸೀಸನ್‌ನಲ್ಲಿ ಎಕ್ಸ್‌ಟ್ರಾ ಗಾಡಿ ಯಾವತ್ತಿಂದ, ಎಷ್ಟು ಹೊತ್ತಿಗೆ, ಜಾಗ ಎಷ್ಟು ಅಂತ ಹಬ್ ಮ್ಯಾನೇಜರ್ ಹತ್ರ ವಾಟ್ಸಾಪ್‌ನಲ್ಲಿ ಬರೆಸ್ಕೊಳ್ಳಿ, ಬರೀ ಫೋನಲ್ಲಿ "ನೋಡೋಣ ಕಳಿಸ್ತೀವಿ" ಅಂದಿದ್ದನ್ನ ನಂಬಬೇಡಿ. ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ 2021ರಿಂದ ಇದೆ, ಬಸ್ ಸ್ಟ್ಯಾಂಡಿಂದ ಬಸ್ ಸ್ಟ್ಯಾಂಡಿಗೆ ಅರ್ಜೆಂಟ್ ಇದ್ದಾಗ ಅದೂ ಒಂದು ದಾರಿ, ದೊಡ್ಡ ಮೂಟೆಗಳಿಗೆ ಲಾರಿ ಟ್ರಾನ್ಸ್‌ಪೋರ್ಟ್. ಒಂದೇ ಕಂಪನಿ ಮೇಲೆ ಪೂರ್ತಿ ಭಾರ ಹಾಕಿ ಕೂತ್ರೆ ಅವರ ಹಬ್ ಜಾಮ್ ಆದ ದಿನ ನಿಮ್ಮ ಅಂಗಡಿನೂ ಜಾಮ್. ಮಂಗಳೂರು ಉಡುಪಿ ಕಡೆದು ಘಾಟಿ ಇಳೀಬೇಕು, ಮಳೆಗೆ ಗುಡ್ಡ ಕುಸಿದ್ರೆ ಸುತ್ತು ಹಾಕ್ಕೊಂಡು ಹೋಗ್ಬೇಕಾಗುತ್ತೆ, ಆ ಕಡೆಗೆ ಎರಡು ದಿನ ಸೇರಿಸೇ ಹೇಳಿ.

ಹೇಳೋದು ಅಂದೆ, ಅದೇ ದೊಡ್ಡ ವಿಷಯ. "ಹಬ್ಬಕ್ಕೆ ಮುಂಚೆ ತಲುಪುತ್ತಾ ಅಣ್ಣಾ?" ಅಂತ ಕೇಳ್ದಾಗ ಬಾಯಿಗೆ ಬರೋದು "ಹೂಂ ತಲುಪುತ್ತೆ ಕೊಡಿ" ಅಂತ. ಅದನ್ನ ಹೇಳಬೇಡಿ. ಊರು ಊರಿಗೆ ಕೊನೇ ಬುಕಿಂಗ್ ದಿನ ಯಾವ್ದು ಅಂತ ಬೋರ್ಡ್ ಬರೆದು ಹಬ್ಬಕ್ಕೆ ಮೂರು ವಾರ ಮುಂಚೇನೇ ಬಾಗಿಲಲ್ಲಿ ನಿಲ್ಲಿಸಿ, ಹಳೇ ಕಸ್ಟಮರ್‌ಗಳಿಗೆಲ್ಲ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿ. ಆ ದಿನ ದಾಟಿ ಬಂದವರಿಗೆ "ಕಳಿಸ್ತೀನಿ, ಹಬ್ಬಕ್ಕೆ ಸಿಗೋದು ಡೌಟು, ಕೆಡದೇ ಇರೋ ಸಾಮಾನಾದ್ರೆ ಕೊಡಿ" ಅಂತ ಸ್ಪಷ್ಟವಾಗಿ ಹೇಳಿ, ಅದನ್ನೇ ರಸೀದಿ ಮೇಲೂ ಬರೀರಿ. ಕೆಲವರು ಪಕ್ಕದ ಅಂಗಡಿಗೆ ಹೋಗ್ತಾರೆ, ಹೋಗ್ಲಿ. ತಾಯಿ ಮಾಡಿದ ತಿಂಡಿ ಹಬ್ಬಕ್ಕೆ ಸಿಗುತ್ತೆ ಅಂತ ಮಾತು ಕೊಟ್ಟು ತಪ್ಪೋದು ದುಡ್ಡಿನ ಲೆಕ್ಕಕ್ಕೆ ಸಿಗೋ ನಷ್ಟ ಅಲ್ಲ.

ಹುಡುಗರ ಬಗ್ಗೆ. ಆಯುಧಪೂಜೆಗೆ ಎಲ್ರೂ ಊರಿಗೆ ಹೋಗೋರೇ, ಉತ್ತರದ ಕಡೆಯಿಂದ ಬಂದಿರೋ ಹಮಾಲರು ದೀಪಾವಳಿ ಛತ್‌ಗೆ ಅಂತ ಹೊರಡ್ತಾರೆ, ಹಬ್ಬ ಅವರಿಗೂ ಇದೆಯಲ್ವಾ. ಯಾರಿಗೆ ಯಾವ ದಿನ ರಜಾ ಅಂತ ತಿಂಗಳ ಮುಂಚೆ ಕೂತು ಮಾತಾಡಿ ಹಂಚಿ, ಬೋನಸ್ ಆಯುಧಪೂಜೆಗೆ ಮುಂಚೇನೇ ಕೈಗೆ ಕೊಡಿ. ಟೆಂಪರರಿ ಕಾಲೇಜು ಹುಡುಗರನ್ನ ತಗೊಳ್ಳೋದಾದ್ರೆ ಪಿತೃಪಕ್ಷದಲ್ಲಿ ಅಂಗಡಿ ಸ್ವಲ್ಪ ಖಾಲಿ ಇರುವಾಗ ಕರೆದು ಕಲಿಸಿ, ರಶ್ ದಿನ ಕರೆದ್ರೆ ಅವರು ಮಾಡೋ ತಪ್ಪು ಸರಿ ಮಾಡೋಕೆ ಇನ್ನೊಬ್ಬ ಬೇಕು. ಹೊಸಬರನ್ನ ಕಂಪ್ಯೂಟರ್ ಮುಂದೆ ಕೂರಿಸದೆ ಪ್ಯಾಕಿಂಗ್, ಫಾರಂ ಚೆಕ್, ಊರುವಾರು ವಿಂಗಡಣೆಗೆ ಹಾಕಿ. ಡೆಲಿವರಿ ಹುಡುಗರಿಗೆ ರೇನ್‌ಕೋಟ್, ಬ್ಯಾಗ್‌ಗೆ ಪ್ಲಾಸ್ಟಿಕ್ ಕವರ್, ಪೆಟ್ರೋಲ್ ದುಡ್ಡು ಅವತ್ತವತ್ತೇ. ಮಧ್ಯಾಹ್ನ ಊಟ ಅಂಗಡಿಯಿಂದಲೇ ತರಿಸಿ, ಖರ್ಚು ದೊಡ್ಡದಲ್ಲ, ಹೊಟ್ಟೆ ಹಸಿದಾಗ ಪಾರ್ಸೆಲ್ ಎಸೆಯೋದು ಜಾಸ್ತಿ ಅನ್ನೋದು ನಾನು ಕಣ್ಣಾರೆ ಕಂಡ ಸತ್ಯ.

ಫೋನಿಗೆ ಒಬ್ರನ್ನ ಪೂರ್ತಿಯಾಗಿ ಬಿಡಿ. "ನನ್ನ ಪಾರ್ಸೆಲ್ ಎಲ್ಲಿದೆ" ಅನ್ನೋ ಕಾಲ್ ಬುಕಿಂಗ್ ಮಾಡೋನಿಗೆ ಬಂದ್ರೆ ಕ್ಯೂ ನಿಲ್ಲುತ್ತೆ. ಬೆಳಗ್ಗೆ ಹನ್ನೊಂದಕ್ಕೆ ಡೆಲಿವರಿ ಆಗದೇ ಇರೋ ಪಾರ್ಸೆಲ್‌ಗಳ ಲಿಸ್ಟ್ ತೆಗೆದು, ಕಸ್ಟಮರ್ ಕೇಳೋ ಮುಂಚೆ ನಾವೇ ಫೋನ್ ಮಾಡಿ "ಅಮ್ಮಾ, ಮನೇಲಿ ಯಾರೂ ಇರ್ಲಿಲ್ವಂತೆ, ಇನ್ನೊಂದು ನಂಬರ್ ಕೊಡಿ" ಅಂದ್ರೆ ಸಾಕು, ಜಗಳಕ್ಕೆ ಬರೋರು ಥ್ಯಾಂಕ್ಸ್ ಹೇಳಿ ಇಡ್ತಾರೆ. ಈ ಟೈಮಲ್ಲೇ ಮೋಸದವರೂ ಜಾಸ್ತಿ, ನಿಮ್ಮ ಪಾರ್ಸೆಲ್ ನಿಂತಿದೆ ಈ ಲಿಂಕ್ ಒತ್ತಿ ಐದು ರೂಪಾಯಿ ಕಟ್ಟಿ ಅಂತ ಮೆಸೇಜ್ ಬರುತ್ತೆ, ಇಲ್ಲಾ ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಅಂತ ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್. ಬುಕ್ ಮಾಡುವಾಗ್ಲೇ ವಯಸ್ಸಾದವರಿಗೆ ಬಾಯಲ್ಲಿ ಹೇಳಿ ಕಳಿಸಿ, ನಾವು ಯಾವ ಲಿಂಕೂ ಕಳಿಸಲ್ಲ, ದುಡ್ಡು ಹೋದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ ಅಂತ. ರಸೀದಿ ಹಿಂದೆ ಈ ನಂಬರಿನ ಸೀಲ್ ಮಾಡಿಸಿದ್ರೆ ಇನ್ನೂ ಒಳ್ಳೇದು.

ಪ್ಯಾಕ್ ಮಾಡೋ ಟೇಬಲ್ ಮೇಲೆ ಒಂದು ಕ್ಯಾಮೆರಾ, ಸೀಲ್ ಮಾಡೋ ಮುಂಚೆ ಒಂದು ಫೋಟೋ, ಬೆಲೆ ಜಾಸ್ತಿ ಇದ್ರೆ ಇನ್ಶೂರೆನ್ಸ್ ಕೇಳಿ ಬರೆಸೋದು, ಒಡೆದ ಪಾರ್ಸೆಲ್ ಬಂದಾಗ ಇವಿಷ್ಟೇ ನಿಮ್ಮ ಕೈಹಿಡಿಯೋದು. ಚಿನ್ನ, ನಗದು ದುಡ್ಡು ಸೀರೆ ಮಡಿಕೆ ಒಳಗೆ ಇಡೋರಿದ್ದಾರೆ, ಕೇಳಿ ತೆಗೆಸಿ.

ಹಬ್ಬ ಮುಗಿದ ಮಾರನೇ ದಿನ ಅಂಗಡಿ ಖಾಲಿ ಅಂತ ಎಲ್ರಿಗೂ ಒಟ್ಟಿಗೆ ರಜಾ ಕೊಡಬೇಡಿ, ವಾಪಸ್ ಬರೋ ಪಾರ್ಸೆಲ್‌ಗಳು ಆವಾಗ್ಲೇ ಶುರು, ಒಂದು ವಾರ ಇಬ್ಬರಾದ್ರೂ ಬೇಕು. ತಿಂಡಿ ಇರೋ ಬಾಕ್ಸ್‌ಗಳನ್ನ ಮೊದಲು ಬೇರೆ ಮಾಡಿ ಅವತ್ತೇ ಕಳಿಸಿದವರಿಗೆ ಫೋನ್ ಮಾಡಿ, ಇಲ್ಲಾಂದ್ರೆ ಇಲಿ ಇರುವೆ ಬಂದು ಪಕ್ಕದ ಬಟ್ಟೆ ಬಾಕ್ಸನ್ನೂ ತೂತು ಮಾಡುತ್ತವೆ. ಅದೇ ವಾರ ಒಂದು ನೋಟ್‌ಬುಕ್‌ನಲ್ಲಿ ಯಾವ ತಿಥಿಗೆ ಎಷ್ಟು ಬುಕಿಂಗ್, ಯಾವ ಊರಿಗೆ ಎಷ್ಟು ದಿನ ಹಿಡೀತು, ಟೇಪು ಎಷ್ಟು ಹೋಯ್ತು, ಯಾವ ದಿನ ಗಾಡಿ ತಡ ಆಯ್ತು ಅಂತ ಬರೆದಿಟ್ಬಿಡಿ, ಕಾರ್ತಿಕ ಮಾಸ ಮುಗಿಯೋಷ್ಟರಲ್ಲಿ ಅರ್ಧ ಮರೆತು ಹೋಗಿರುತ್ತೆ.